ಹೊಲದಲ್ಲಿ ಬಿಟ್ಟುಹೋದ ಕುದುರೆಗೆ ನೆರವಾಗುವ ಬಗೆ: ಸಮಗ್ರ ಮಾರ್ಗದರ್ಶಿ

ಗಂಗಾವತಿಯಿಂದ ಕಾರಟಗಿ, ಸಿಂಧನೂರಿನ ಕಡೆಗೆ ಕಾಲುವೆ ದಂಡೆ ಹಿಡಿದು ಹೋಗುವವರಿಗೂ ಕುಷ್ಟಗಿ, ಯಲಬುರ್ಗಾದ ಎರೆ ಹೊಲಗಳಲ್ಲಿ ಓಡಾಡುವವರಿಗೂ ಇಂಥ ಕುದುರೆ ಎಂದಾದರೊಂದು ದಿನ ಕಣ್ಣಿಗೆ ಬೀಳಬಹುದು. ಪಕ್ಕೆಲುಬು ಎಣಿಸುವಂತಿರುತ್ತದೆ. ಗೊರಸು ಬೆಳೆದು ಸೊಟ್ಟಗಾಗಿರುತ್ತದೆ. ಬಳ್ಳಾರಿ ಜಾಲಿಯ ಅರೆಬರೆ ನೆರಳಿನಲ್ಲಿ ತಲೆ ತಗ್ಗಿಸಿ ನಿಂತಿರುತ್ತದೆ. ಟಾಂಗಾಕ್ಕೆ ಗಿರಾಕಿಗಳಿಲ್ಲದೆ ಬಿಟ್ಟದ್ದೋ, ಮದುವೆಯ ಹಂಗಾಮು ಮುಗಿದ ಮೇಲೆ ಮೇವು ಹಾಕಲಾಗದೆ ಬಿಟ್ಟದ್ದೋ, ಕುಂಟಿತೆಂದು ಬಿಟ್ಟದ್ದೋ ನೋಡಿದವರಿಗೆ ಗೊತ್ತಾಗುವುದಿಲ್ಲ.

ನಮ್ಮ ಜನರ ಕರುಳು ದೊಡ್ಡದು. ಇಂಥ ಪ್ರಾಣಿ ಕಂಡರೆ ಒಬ್ಬರು ಬಕೆಟ್ ತುಂಬ ನೆನೆಸಿದ ಹುರುಳಿ ತರುತ್ತಾರೆ, ಇನ್ನೊಬ್ಬರು ಬೆಲ್ಲ ತರುತ್ತಾರೆ, ಮತ್ತೊಬ್ಬರು ಮನೆಯ ರೊಟ್ಟಿ ತರುತ್ತಾರೆ. ಕುದುರೆಯೂ ಆಸೆಯಿಂದ ತಿನ್ನುತ್ತದೆ. ಮೂರು ದಿನ ಕಳೆಯುವಷ್ಟರಲ್ಲಿ ಅದು ನೆಲಕ್ಕೆ ಬಿದ್ದಿರುತ್ತದೆ. ಬಹುಕಾಲ ಉಪವಾಸವಿದ್ದ ಕುದುರೆಯನ್ನು ಹಸಿವಿನಷ್ಟೇ ಸುಲಭವಾಗಿ ಒಮ್ಮೆಲೇ ಸಿಕ್ಕ ಹೊಟ್ಟೆತುಂಬ ಊಟವೂ ಕೊಲ್ಲುತ್ತದೆ. ಉಳಿದದ್ದೇನನ್ನು ಓದದಿದ್ದರೂ ಇದೊಂದನ್ನು ನೆನಪಿಡಿ: ವೈದ್ಯರು ನೋಡುವವರೆಗೆ ಕಾಳು ಬೇಡ, ಬೆಲ್ಲ ಬೇಡ, ಹಿಂಡಿ ಬೇಡ.

ಅದು ನಿಜಕ್ಕೂ ಬಿಟ್ಟುಹೋದ ಕುದುರೆಯೇ?

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಲೇಬೇಕು. ಸುಗ್ಗಿ ಮುಗಿದ ಮೇಲೆ ಕುರಿಗಾರರು ಊರಿಂದೂರಿಗೆ ಮಂದೆ ಹೊಡೆದುಕೊಂಡು ಬರುತ್ತಾರೆ. ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಕುರಿ ತರುಬಿಸುತ್ತಾರೆ. ಅವರ ಹಾಸಿಗೆ, ಪಾತ್ರೆ, ಬಲೆ, ಎಳೆಯ ಮರಿಗಳನ್ನು ಹೊರಲು ಜೊತೆಗೆ ತಟ್ಟು ಕುದುರೆಗಳಿರುತ್ತವೆ. ಹಗಲು ಹೊತ್ತು ಅವುಗಳ ಮುಂಗಾಲಿಗೆ ಸಡಿಲವಾಗಿ ಹಗ್ಗ ಕಟ್ಟಿ ಮೇಯಲು ಬಿಡುತ್ತಾರೆ. ಅವು ಚಿಕ್ಕ ಗಾತ್ರದವು, ಮೈ ಒರಟಾಗಿರುತ್ತದೆ, ಹತ್ತಿರದಲ್ಲಿ ಯಾರೂ ಕಾಣುವುದಿಲ್ಲ. ಅದನ್ನು ಅನಾಥವೆಂದು ತಿಳಿದು ಎಳೆದೊಯ್ದರೆ ಒಂದು ಬಡ ಸಂಸಾರದ ಸಾಗಣೆಯೇ ನಿಂತುಹೋಗುತ್ತದೆ, ನಿಮ್ಮ ಮೇಲೆ ಕಳವಿನ ದೂರೂ ಬರುತ್ತದೆ.

ಆದ್ದರಿಂದ ಸುತ್ತ ಒಂದೆರಡು ಕಿಲೋಮೀಟರ್ ವಿಚಾರಿಸಿ. ಕುರಿ ಹಟ್ಟಿ ಇದೆಯೇ? ಪಕ್ಕದ ಹೊಲದವರು ಈ ಕುದುರೆಯನ್ನು ಯಾವಾಗಿನಿಂದ ನೋಡುತ್ತಿದ್ದಾರೆ? ಸಂಜೆ ಯಾರಾದರೂ ಹಿಡಿದುಕೊಂಡು ಹೋಗುತ್ತಾರೆಯೇ? ಊರಿನ ಚಹಾದ ಅಂಗಡಿಯಲ್ಲಿ ಕೇಳಿದರೆ ಅರ್ಧ ಮಾಹಿತಿ ಅಲ್ಲೇ ಸಿಗುತ್ತದೆ. ಸಂಜೆಗೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಹೋಗಿ ನೋಡಿ. ಕುದುರೆ ಬಿದ್ದಿದ್ದರೆ, ರಕ್ತ ಸೋರುತ್ತಿದ್ದರೆ ಅಥವಾ ನೀರಿಲ್ಲದೆ ಬಿಸಿಲಿನಲ್ಲಿ ಕಟ್ಟಿಹಾಕಿದ್ದರೆ ಮಾತ್ರ ಕಾಯಬೇಡಿ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟಿದಾಗ ಒಂದು ಮಧ್ಯಾಹ್ನವೇ ಸಾಕು.

ದೂರ ನಿಂತು ನೋಡಿ, ದಾಖಲಿಸಿ

ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ: ಎಡ, ಬಲ, ಮುಂದೆ, ಹಿಂದೆ. ಗೊರಸು, ಗಾಯ, ಕಟ್ಟಿದ ಹಗ್ಗ, ಖಾಲಿ ನೀರಿನ ತೊಟ್ಟಿ ಇವುಗಳದ್ದು ಬೇರೆ ಬೇರೆ. ನಡೆಯುವಾಗಿನ ಒಂದು ಚಿಕ್ಕ ವಿಡಿಯೊ ಇರಲಿ, ಕುಂಟುವುದು ಫೋಟೊದಲ್ಲಿ ಕಾಣುವುದಿಲ್ಲ. ಬಣ್ಣ, ಹಣೆಯ ಬಿಳಿ ಚುಕ್ಕೆ, ಕಾಲಿನ ಬಿಳಿ, ಹೆಣ್ಣೋ ಗಂಡೋ ಎಂಬುದನ್ನು ಬರೆದುಕೊಳ್ಳಿ. ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಅದರಿಂದ ಪಹಣಿಯಲ್ಲಿ ಹೊಲದ ಒಡೆಯರು ಯಾರೆಂದು ತಿಳಿಯುತ್ತದೆ. ಅವರೇ ಕುದುರೆಯ ಮಾಲೀಕರೆಂದಲ್ಲ, ಆದರೆ ಅವರ ಒಪ್ಪಿಗೆ ಪಡೆದು ಹೊಲಕ್ಕೆ ಕಾಲಿಡುವುದು ಒಳ್ಳೆಯದು. ಎಷ್ಟೋ ಸಲ ಮುಂದೆ ಸಾಕ್ಷಿ ಹೇಳುವವರೂ ಅವರೇ ಆಗುತ್ತಾರೆ.

ಕುದುರೆಯ ಮೈಕಟ್ಟನ್ನು ಅಳೆಯಲು ಪಶುವೈದ್ಯರು 1ರಿಂದ 9ರವರೆಗಿನ ಅಂಕಪಟ್ಟಿಯನ್ನು ಬಳಸುತ್ತಾರೆ. ಅಮೆರಿಕದ ಹೆನೆಕೆ ಎಂಬ ತಜ್ಞರು 1983ರಲ್ಲಿ ರೂಪಿಸಿದ ಪದ್ಧತಿ ಇದು. ಕುತ್ತಿಗೆ, ಭುಜದ ಮೇಲ್ತುದಿ, ಬೆನ್ನು, ಪಕ್ಕೆ, ಭುಜದ ಹಿಂಭಾಗ, ಬಾಲದ ಬುಡ ಈ ಆರು ಕಡೆ ನೋಡಬೇಕು. ಬೆನ್ನುಮೂಳೆಯ ಗಂಟುಗಳು ಒಂದೊಂದಾಗಿ ಎದ್ದು ಕಂಡರೆ, ಬಾಲದ ಬುಡದ ಎರಡೂ ಬದಿ ಗುಳಿ ಬಿದ್ದಿದ್ದರೆ ಅಂಕ 1 ಅಥವಾ 2. ಹೊಟ್ಟೆ ದಪ್ಪಗಿದೆ ಎಂದು ಮೋಸಹೋಗಬೇಡಿ. ಜಂತುಹುಳ ತುಂಬಿದ ಕುದುರೆಗೂ ಹೊಟ್ಟೆ ಜೋತುಬೀಳುತ್ತದೆ.

ದೂರದಿಂದಲೇ ನೋಡಬೇಕಾದ ಇನ್ನೊಂದು ಭಾಗವೆಂದರೆ ಮೂಗು. ಹಳದಿ ಬಣ್ಣದ ಅಂಟಂಟು ಸಿಂಬಳ, ಮೂಗಿನೊಳಗೆ ಹುಣ್ಣು, ಕಾಲುಗಳ ಮೇಲೆ ಸಾಲುಗಟ್ಟಿದ ಗಂಟುಗಳು ಒಡೆದು ಕೀವು ಸೋರುವುದು ಇವುಗಳಲ್ಲಿ ಯಾವುದೇ ಕಂಡರೂ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಅದು ಗ್ಲಾಂಡರ್ಸ್ ಆಗಿರಬಹುದು. ಮನುಷ್ಯರಿಗೂ ಹರಡುವ, ಜೀವಕ್ಕೆ ಕುತ್ತು ತರುವ ರೋಗ ಅದು, ಲಸಿಕೆ ಇಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳಲ್ಲಿ ಇದೂ ಒಂದು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದಲ್ಲಿ ಇದರ ರಕ್ತಪರೀಕ್ಷೆ ನಡೆಯುತ್ತದೆ. ಜೊಲ್ಲು ಸುರಿಸುತ್ತ, ನುಂಗಲಾರದೆ, ತನ್ನ ಮೈಯನ್ನೇ ಕಚ್ಚಿಕೊಳ್ಳುವ ಕುದುರೆಯಿಂದಲೂ ದೂರವಿರಿ. ರೇಬೀಸ್ ಕುದುರೆಗೂ ಬರುತ್ತದೆ. ಎರಡೂ ಸಂದರ್ಭಗಳಲ್ಲಿ ಪಶುವೈದ್ಯರಿಗೆ ತಿಳಿಸುವುದಷ್ಟೇ ನಿಮ್ಮ ಕೆಲಸ.

ಹತ್ತಿರ ಹೋಗುವುದು

ಇಬ್ಬರು ಹೋಗಿ, ಹತ್ತು ಮಂದಿ ಬೇಡ. ಎದುರಿನಿಂದ ನೇರವಾಗಿ ಅಲ್ಲ, ಹಿಂದಿನಿಂದ ಅಂತೂ ಅಲ್ಲವೇ ಅಲ್ಲ. ಎಡ ಭುಜದ ಕಡೆಯಿಂದ, ಮೆಲ್ಲಗೆ ಮಾತನಾಡುತ್ತ ನಡೆಯಿರಿ. ಕಿವಿ ಹಿಂದಕ್ಕೆ ಮಡಚಿ ಹಿಂಭಾಗವನ್ನು ನಿಮ್ಮ ಕಡೆ ತಿರುಗಿಸಿದರೆ ನಿಲ್ಲಿ, ಎರಡು ಹೆಜ್ಜೆ ಹಿಂದೆ ಸರಿಯಿರಿ. ಕುತ್ತಿಗೆಗೆ ಕುಣಿಕೆ ಬಿಗಿಯುವ ಹಗ್ಗ ಹಾಕಬಾರದು, ಎಳೆದಷ್ಟೂ ಉಸಿರು ಕಟ್ಟುತ್ತದೆ. ಮೂಗಿನ ಮೇಲೂ ಕಿವಿಯ ಹಿಂದೂ ಹಾದು ಹೋಗುವಂತೆ ಅಗಲ ಪಟ್ಟಿಯಿಂದ ಮಾಡಿದ ಮುಖಪಟ್ಟಿ ಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ.

ಕುದುರೆ ಮುಟ್ಟಲು ಬಿಟ್ಟರೆ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ಒಸಡು ನೋಡಿ. ಆರೋಗ್ಯದ ಒಸಡು ತಿಳಿ ಗುಲಾಬಿ ಬಣ್ಣದ್ದು, ಒದ್ದೆಯಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಒಣಗಿ ಅಂಟಿಕೊಳ್ಳುವ ಒಸಡು, ಚಿವುಟಿ ಬಿಟ್ಟರೂ ಕೂಡಲೇ ಇಳಿಯದೆ ಮಡಿಕೆಯಾಗಿಯೇ ನಿಲ್ಲುವ ಭುಜದ ಚರ್ಮ ನೀರಡಿಕೆಯ ಗುರುತು. ಸುಣ್ಣದಂತೆ ಬಿಳುಚಿದ ಒಸಡು ರಕ್ತಹೀನತೆಯದು. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಎಡ ಮುಂಗಾಲಿನ ಮೊಣಕೈಯ ಹಿಂದೆ ಅಂಗೈ ಒತ್ತಿ ಹಿಡಿದರೆ ಹೃದಯದ ಬಡಿತ ಸಿಗುತ್ತದೆ. ವೈದ್ಯರಿಗೆ ಫೋನ್ ಮಾಡುವಾಗ ಈ ಅಂಕಿಗಳನ್ನು ಹೇಳಿದರೆ ಸ್ಥಿತಿ ಎಷ್ಟು ಗಂಭೀರವೆಂದು ಅವರಿಗೆ ಅಲ್ಲಿಂದಲೇ ಅಂದಾಜಾಗುತ್ತದೆ.

ಕಾಲುಗಳನ್ನು ಬಗ್ಗಿ ನೋಡಿ, ಮುಟ್ಟಬೇಡಿ. ಕಾರಟಗಿ ಕಡೆಯ ಒಂದು ಗದ್ದೆಯಲ್ಲಿ ನಾನು ಕಂಡ ಕಂದು ಬಣ್ಣದ ಹೆಣ್ಣು ಕುದುರೆಯ ಮುಂಗಾಲಿನಲ್ಲಿ ಹಗ್ಗವೇ ಇಲ್ಲವೆಂದುಕೊಂಡಿದ್ದೆವು. ಗೊರಸಿನ ಮೇಲೆ ಕಪ್ಪು ಉಂಗುರದಂತೆ ಒಂದು ಗೆರೆ ಕಾಣುತ್ತಿತ್ತು, ಅದರ ಮೇಲೆ ನೊಣ ಮುತ್ತಿದ್ದವು. ಅದು ನೈಲಾನ್ ಹಗ್ಗ. ಕಟ್ಟಿದವರು ಬಿಚ್ಚದೆ ಹೋಗಿ, ಕಾಲು ಊದಿ, ಮಾಂಸ ಹಗ್ಗವನ್ನು ನುಂಗಿ ಮೇಲೆ ಬೆಳೆದಿತ್ತು. ಇಂಥದ್ದನ್ನು ಹೊಲದಲ್ಲೇ ಚಾಕುವಿನಿಂದ ಕತ್ತರಿಸಲು ಹೋಗಬಾರದು. ಒಳಗೆ ನರ, ರಕ್ತನಾಳ, ಸ್ನಾಯುರಜ್ಜು ಎಲ್ಲ ಒಂದೇ ಕಡೆ ಇರುತ್ತವೆ. ಅರಿವಳಿಕೆ ಕೊಟ್ಟು ವೈದ್ಯರೇ ತೆಗೆಯಬೇಕು.

ಮೊದಲು ನೀರು

ಒಂದು ಕುದುರೆಗೆ ದಿನಕ್ಕೆ 25ರಿಂದ 50 ಲೀಟರ್ ನೀರು ಬೇಕು, ಬಿಸಿಲಿನಲ್ಲಿ ಇನ್ನೂ ಹೆಚ್ಚು. ತೀರಾ ನೀರಡಿಸಿದ್ದರೆ ಮೊದಲ ಬಾರಿ ಮೂರು ನಾಲ್ಕು ಲೀಟರ್ ಕೊಟ್ಟು, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಅಷ್ಟೇ ಕೊಡಿ. ಹೀಗೆ ಕೆಲವು ಬಾರಿ ಕುಡಿದ ಮೇಲೆ ತೊಟ್ಟಿ ಸದಾ ತುಂಬಿರಲಿ. ಬಾಯೊಳಗೆ ಬಾಟಲಿ ತುರುಕಿ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಔಷಧಿ ಸಿಂಪಡಿಸಿದ ಗದ್ದೆಯ ನಿಂತ ನೀರನ್ನೂ ಕ್ರಿಮಿನಾಶಕದ ಡಬ್ಬಿಯಲ್ಲಿ ತಂದ ನೀರನ್ನೂ ಕುಡಿಸಲೇಬಾರದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ನಿಂತ ಬೇಸಿಗೆಯಲ್ಲಿ ಹತ್ತಿರದ ಪಂಪ್‌ಸೆಟ್ಟಿನವರನ್ನೋ ಟ್ಯಾಂಕರಿನವರನ್ನೋ ಕೇಳಬೇಕಾಗುತ್ತದೆ.

ನಡೆಯಲಾಗದ ಕುದುರೆಗೆ ನಾಲ್ಕು ಗಳ ನೆಟ್ಟು ತಾಡಪತ್ರಿ ಕಟ್ಟಿ ನೆರಳು ಮಾಡಿ.

ಮೇವು: ಇಲ್ಲಿ ಆತುರ ಬೇಡ

ಬಹುದಿನ ಉಪವಾಸವಿದ್ದ ದೇಹ ತನ್ನ ಕೊಬ್ಬು, ಮಾಂಸಗಳನ್ನೇ ಕರಗಿಸಿ ಬದುಕಿರುತ್ತದೆ. ಅದಕ್ಕೆ ಒಮ್ಮೆಲೇ ಕಾಳು, ಬೆಲ್ಲ ಸಿಕ್ಕರೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಇನ್ಸುಲಿನ್ ಉಕ್ಕುತ್ತದೆ. ಆ ಇನ್ಸುಲಿನ್ ಸಕ್ಕರೆಯ ಜೊತೆಗೆ ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನೂ ರಕ್ತದಿಂದ ಜೀವಕೋಶಗಳ ಒಳಗೆ ಎಳೆದುಕೊಳ್ಳುತ್ತದೆ. ಮೊದಲೇ ಬರಿದಾಗಿದ್ದ ರಕ್ತದಲ್ಲಿ ಅವು ಪೂರ್ತಿ ಕುಸಿಯುತ್ತವೆ. ಹೃದಯ ತಪ್ಪಿ ಬಡಿಯುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ತಿನ್ನಿಸತೊಡಗಿದ ಮೂರರಿಂದ ಐದು ದಿನಗಳಲ್ಲಿ ಹೆಚ್ಚಾಗಿ ಸಾವು ಬರುವುದು ಹೀಗೆ. ಅದರ ಮೇಲೆ ಹೊಟ್ಟೆಶೂಲೆ ಬೇರೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಹೊರಗೆ ಬರುವ ದಾರಿ ಒಂದೇ.

ಇದಕ್ಕೆ ಪರಿಹಾರ ನಮ್ಮ ಹೊಲಗಳಲ್ಲೇ ಬೆಳೆಯುವ ಕುದುರೆ ಮಸಾಲೆ (ಲೂಸರ್ನ್) ಎಂಬ ಮೇವಿನ ಸೊಪ್ಪು. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ಉಪವಾಸ ಬಿದ್ದ ಕುದುರೆಗಳ ಮೇಲೆ ಬೇರೆ ಬೇರೆ ಮೇವು ಪ್ರಯೋಗಿಸಿ, ಒಣಗಿಸಿದ ಕುದುರೆ ಮಸಾಲೆಯೇ ಎಲ್ಲಕ್ಕಿಂತ ಸುರಕ್ಷಿತ ಎಂದು ಕಂಡುಕೊಂಡರು. ಅದರಲ್ಲಿ ಸಸಾರಜನಕ ಹೆಚ್ಚು, ಪಿಷ್ಟ ಕಡಿಮೆ, ಮೆಗ್ನೀಸಿಯಂ ಮತ್ತು ರಂಜಕವೂ ಇರುತ್ತವೆ. ಅವರ ಕ್ರಮದಲ್ಲಿ ಸುಮಾರು 450 ಕಿಲೋ ತೂಕದ ಕುದುರೆಗೆ ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ, ಹಗಲೂ ರಾತ್ರಿಯೂ, ಅರ್ಧ ಕಿಲೋದಷ್ಟು ಒಣ ಮೇವು. ನಾಲ್ಕನೆಯ ದಿನದಿಂದ ಹತ್ತನೆಯ ದಿನದವರೆಗೆ ಪ್ರತಿ ಬಾರಿಯ ಪ್ರಮಾಣವನ್ನು ಮೆಲ್ಲಗೆ ಹೆಚ್ಚಿಸಿ, ಬಾರಿಗಳನ್ನು ದಿನಕ್ಕೆ ಮೂರಕ್ಕೆ ಇಳಿಸಬೇಕು. ಹತ್ತು ದಿನ ದಾಟಿದ ಮೇಲೆ ಬೇಕಾದಷ್ಟು ತಿನ್ನಲಿ.

ನಮ್ಮ ಕಡೆಯ ಕುದುರೆಗಳು ಅಷ್ಟು ದೊಡ್ಡವಲ್ಲ, ಆದ್ದರಿಂದ ತೂಕದ ಲೆಕ್ಕ ಬೇಕು. ದರ್ಜಿಯ ಟೇಪಿನಿಂದ ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಬರುತ್ತದೆ. ಸುತ್ತಳತೆ 140 ಸೆಂ.ಮೀ., ಉದ್ದ 130 ಸೆಂ.ಮೀ. ಇದ್ದರೆ ತೂಕ ಸುಮಾರು 215 ಕಿಲೋ. ಅಂಥ ಕುದುರೆಗೆ ಒಂದು ಬಾರಿಗೆ ಕಾಲು ಕಿಲೋ ಒಣ ಸೊಪ್ಪು ಸಾಕು. ಹಸಿ ಸೊಪ್ಪಿನಲ್ಲಿ ನೀರೇ ಹೆಚ್ಚು. ಅದನ್ನು ನೆರಳಿನಲ್ಲಿ ಬಾಡಿಸಿ ಒಣಗಿಸಿ ಕೊಡುವುದು ಮೇಲು.

ಕಾಲು ಕಿಲೋ ಸೊಪ್ಪು ಮುಂದಿಟ್ಟಾಗ ಅದು ಕ್ಷಣದಲ್ಲಿ ಮುಗಿಸಿ ನಿಮ್ಮ ಕೈಯನ್ನೇ ನೋಡುತ್ತದೆ. ನೋಡಿದವರ ಕರುಳು ಚುರುಕ್ ಎನ್ನುತ್ತದೆ, ಯಾರಾದರೊಬ್ಬರು 'ಇನ್ನೊಂದು ಹಿಡಿ ಹಾಕಿ' ಎನ್ನುತ್ತಾರೆ. ಹಾಕಬೇಡಿ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು, ನಡುರಾತ್ರಿ ಎರಡು ಎಂದು ಒಂದು ಹಾಳೆಯಲ್ಲಿ ಬರೆದು ಹೆಸರು ಹಂಚಿಕೊಳ್ಳಿ. ಊರಿನ ಹುಡುಗರು ಇಂಥ ಕೆಲಸಕ್ಕೆ ಸಂತೋಷದಿಂದ ಬರುತ್ತಾರೆ. ಆ ಹಾಳೆಯಲ್ಲೇ ಎಷ್ಟು ತಿಂದಿತು, ಲದ್ದಿ ಹಾಕಿತೇ, ನೀರು ಕುಡಿಯಿತೇ ಎಂಬುದೂ ಇರಲಿ.

ಕುದುರೆ ಮಸಾಲೆ ಸಿಗದಿದ್ದರೆ ಬೂಸಲು ಹಿಡಿಯದ ಒಣಹುಲ್ಲು, ವೈದ್ಯರು ಒಪ್ಪಿದರೆ ಒಣಗಿದ ಶೇಂಗಾ ಬಳ್ಳಿ. ಪ್ರಮಾಣ ಅದೇ. ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಕಸುವು ಕೊಡುವುದಿಲ್ಲ. ಎಳೆಯ ಜೋಳದ ಪೈರಿನಲ್ಲಿ ಸಯನೈಡ್ ವಿಷವಿರುತ್ತದೆ, ಅದರ ಹತ್ತಿರವೂ ಬಿಡಬೇಡಿ. ಔಡಲ ಬೀಜ ಮತ್ತು ಹೆದ್ದಾರಿ ನಡುವೆ ಬೆಳೆಸುವ ಕಣಗಿಲೆ ಕುದುರೆಗೆ ಪ್ರಾಣಾಂತಿಕ. ಬಳ್ಳಾರಿ ಜಾಲಿಯ ಸಿಹಿ ಕಾಯಿಗಳನ್ನು ಹಸಿದ ಕುದುರೆ ಆಸೆಯಿಂದ ತಿನ್ನುತ್ತದೆ, ಅವು ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ. ಕೋಳಿ ಆಹಾರ, ಕೆಲವು ದನದ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಇರುತ್ತದೆ. ದನಕ್ಕೆ ಏನೂ ಮಾಡದ ಪ್ರಮಾಣವೂ ಕುದುರೆಯ ಹೃದಯವನ್ನು ಕೆಡಿಸುತ್ತದೆ.

ಪದೇ ಪದೇ ಪಕ್ಕೆ ತಿರುಗಿ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಹೊರಳಾಡುವುದು, ಲದ್ದಿ ನಿಲ್ಲುವುದು ಹೊಟ್ಟೆಶೂಲೆಯ ಗುರುತುಗಳು. ಕೂಡಲೇ ಮೇವು ನಿಲ್ಲಿಸಿ ವೈದ್ಯರನ್ನು ಕರೆಯಿರಿ.

ಯಾರಿಗೆ ತಿಳಿಸಬೇಕು?

ಸಂಚಾರಿ ಪಶುಚಿಕಿತ್ಸೆಯ ಉಚಿತ ಸಂಖ್ಯೆ 1962. ಜೊತೆಗೆ ಹೋಬಳಿಯ ಪಶು ಆಸ್ಪತ್ರೆಗೂ ತಿಳಿಸಿ. ನಮ್ಮ ಕಡೆ ಪಶುವೈದ್ಯರ ದಿನವೆಲ್ಲ ದನ, ಎಮ್ಮೆ, ಕುರಿಗಳಲ್ಲೇ ಕಳೆಯುತ್ತದೆ, ಕುದುರೆ ಬರುವುದು ಅಪರೂಪ. ಅವರು ಹಿರಿಯರನ್ನು ವಿಚಾರಿಸುತ್ತೇನೆ ಎಂದರೆ ಅದು ಒಳ್ಳೆಯ ಲಕ್ಷಣ. ಜಟಿಲ ಸ್ಥಿತಿಗೆ ಬೀದರಿನ ಪಶುವೈದ್ಯಕೀಯ ಕಾಲೇಜಿನ ಸಲಹೆ ಪಡೆಯುವಂತೆ ಕೇಳಿಕೊಳ್ಳಬಹುದು. ಧನುರ್ವಾಯು ಚುಚ್ಚುಮದ್ದನ್ನು ತಪ್ಪದೆ ಕೇಳಿ. ಮನುಷ್ಯರು ಸಾಕುವ ಪ್ರಾಣಿಗಳಲ್ಲಿ ಧನುರ್ವಾಯುವಿಗೆ ಅತಿ ಬೇಗ ತುತ್ತಾಗುವುದು ಕುದುರೆಯೇ. ಹೊಟ್ಟೆಯ ಕೆಳಗೆ, ಕಾಲುಗಳಲ್ಲಿ ಬಾವು ಇದ್ದು ಬಿಟ್ಟುಬಿಟ್ಟು ಜ್ವರ ಬರುತ್ತಿದ್ದರೆ ರಕ್ತ ತೆಗೆದು ಸರ್ರಾ ರೋಗಕ್ಕೆ ಪರೀಕ್ಷಿಸಬೇಕು. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ಆ ರೋಗವೂ ಕುದುರೆಯನ್ನು ಎಲುಬಿನ ಹಂದರ ಮಾಡುತ್ತದೆ.

ಇನ್ನು ಕಾನೂನು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರ 11ನೇ ಸೆಕ್ಷನ್ ಪ್ರಕಾರ ಸಾಕಿದವರು ಮೇವು, ನೀರು, ನೆರಳು ಕೊಡದಿರುವುದೂ ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟುಹೋಗುವುದೂ ಅಪರಾಧ. ಮೊದಲ ಬಾರಿಯ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಜೀವ ಕೊಳೆಯಲು ಬಿಟ್ಟದ್ದಕ್ಕೆ ಇಷ್ಟೇ ದಂಡ ಎಂಬುದು ನನಗೆ ಇಂದಿಗೂ ನುಂಗಲಾಗದ ಮಾತು. ಅಷ್ಟೇ ಅಲ್ಲ, ಈ ಅಪರಾಧಗಳಲ್ಲಿ ಪೊಲೀಸರು ನ್ಯಾಯಾಧೀಶರ ಅನುಮತಿಯಿಲ್ಲದೆ ತನಿಖೆ ನಡೆಸುವಂತಿಲ್ಲ. ಠಾಣೆಯಲ್ಲಿ 'ಇದು ನಮ್ಮ ಕೈಲಿಲ್ಲ' ಎಂಬ ಉತ್ತರ ಬರುವುದು ಇದರಿಂದಲೇ. ಆಗ 34ನೇ ಸೆಕ್ಷನ್ ನೆನಪಿಸಿ: ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿ ಅಂಥ ಪ್ರಾಣಿಯನ್ನು ವಶಕ್ಕೆ ಪಡೆದು ನ್ಯಾಯಾಧೀಶರ ಅಥವಾ ಪಶುವೈದ್ಯಾಧಿಕಾರಿಯ ಮುಂದೆ ಪರೀಕ್ಷೆಗೆ ಹಾಜರುಪಡಿಸಬಹುದು. 35ನೇ ಸೆಕ್ಷನ್ನಿನಡಿ ನ್ಯಾಯಾಧೀಶರು ಅದರ ಆರೈಕೆಗೆ ಆದೇಶಿಸಬಹುದು. ನಮಗೆ ಬೇಕಾದದ್ದು ಈ ವಶಪಡಿಸಿಕೊಳ್ಳುವ ಅಧಿಕಾರ. ಯಾರಾದರೂ ಕುದುರೆಯನ್ನು ಬೇಕೆಂದೇ ಹೊಡೆದು ಅಂಗಹೀನ ಮಾಡಿದ್ದರೆ, ವಿಷ ಹಾಕಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಡಿ ಐದು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ.

ದೂರನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಒಂದೊಂದು ನಕಲನ್ನು ಪಶುಪಾಲನಾ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೂ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಜಿಲ್ಲಾಧಿಕಾರಿ ಕಚೇರಿಯ ಮೂಲಕವೂ ಕೊಡಿ. ಪಶುವೈದ್ಯರಿಂದ ಕುದುರೆಯ ಸ್ಥಿತಿಯ ಬಗ್ಗೆ ಸಹಿ ಮಾಡಿದ ಪತ್ರ ಪಡೆಯಿರಿ. ಗ್ರಾಮ ಪಂಚಾಯಿತಿಯಿಂದ ಡಂಗುರ ಸಾರಿಸಿದರೆ ವಾರಸುದಾರರಿದ್ದರೆ ಮುಂದೆ ಬರುತ್ತಾರೆ.

ಮಾಲೀಕರು ಸಿಕ್ಕರೆ

ಬೈಯುವ ಮೊದಲು ಕೇಳಿ. ದುಡಿಮೆ ನಿಂತವರು, ಆಸ್ಪತ್ರೆಯಲ್ಲಿರುವವರು, ಗುಳೆ ಹೋದವರು ಇರುತ್ತಾರೆ. ಒಂದು ತಿಂಗಳ ಮೇವಿನ ನೆರವು ಸಿಕ್ಕರೆ ಸಾಕುತ್ತೇನೆ ಎನ್ನುವವರಿಗೆ ಆ ನೆರವು ಕೊಡಿಸಿ, ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬನ್ನಿ. ಸಾಕಲು ಆಗುವುದೇ ಇಲ್ಲ ಎಂದರೆ ಕುದುರೆಯ ಗುರುತು, ಫೋಟೊ, ದಿನಾಂಕ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬಿಟ್ಟುಕೊಟ್ಟ ಪತ್ರ ಬರೆಸಿಕೊಳ್ಳಿ. ಕುದುರೆಗೆ ಹಣ ಕೊಡಬೇಡಿ. ಹಣ ಸಿಗುತ್ತದೆಂದು ಗೊತ್ತಾದರೆ ಮುಂದಿನ ಬಡಕಲು ಕುದುರೆ ಬೇಗ ಬರುತ್ತದೆ.

ಗಾಯ, ಗೊರಸು, ಬಿದ್ದ ಕುದುರೆ

ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂಬತ್ತು ಗ್ರಾಂ ಉಪ್ಪು ಹಾಕಿ ಗಾಯ ತೊಳೆಯಿರಿ. ಹುಳ ಬಿದ್ದ ಗಾಯಕ್ಕೆ ಪೆಟ್ರೋಲ್, ಸೀಮೆಎಣ್ಣೆ, ಫಿನೈಲ್, ಬೆಳೆಗೆ ಹೊಡೆಯುವ ಪುಡಿ ಸುರಿಯುವ ರೂಢಿ ನಮ್ಮಲ್ಲಿದೆ. ಅದು ಹುಳದ ಜೊತೆ ಮಾಂಸವನ್ನೂ ಸುಡುತ್ತದೆ. ಹುಳ ತೆಗೆಯುವುದನ್ನು ವೈದ್ಯರಿಗೆ ಬಿಡಿ. ಜಂತುನಾಶಕವನ್ನೂ ಮೊದಲ ದಿನವೇ ಕುಡಿಸಬೇಡಿ. ತೀರಾ ಸೊರಗಿದ ಕುದುರೆಗೆ ಯಾವಾಗ, ಯಾವ ಔಷಧಿ ಎಂದು ವೈದ್ಯರು ನಿರ್ಧರಿಸಲಿ.

ಬೆಳೆದ ಗೊರಸನ್ನು ಒಂದೇ ಸಲ ಕೊರೆದು ಹಾಕಿದರೆ ಕಾಲಿನ ಮೇಲೆ ಭಾರ ಬೀಳುವ ಕೋನ ಬದಲಾಗಿ ನೋವು ಹೆಚ್ಚುತ್ತದೆ. ಕುದುರೆಗೆ ಲಾಳ ಕಟ್ಟಿ ಅನುಭವವಿರುವ ನಾಲಬಂದರನ್ನು ಹುಡುಕಿ. ಎತ್ತಿನ ಗೊರಸು ಸೀಳಿದ್ದು, ಕುದುರೆಯದು ಒಂದೇ. ಎತ್ತಿಗೆ ಮಾತ್ರ ಲಾಳ ಕಟ್ಟಿದ ಕೈಗೆ ಇದು ಬೇರೆ ಕೆಲಸ. ಸ್ವಲ್ಪ ಸ್ವಲ್ಪವಾಗಿ ತಿದ್ದಿಸಿ, ಆಮೇಲೆ ಆರರಿಂದ ಎಂಟು ವಾರಗಳಿಗೊಮ್ಮೆ.

ಬಿದ್ದ ಕುದುರೆಯನ್ನು ಬಾಲ, ಕುತ್ತಿಗೆ ಹಿಡಿದು ಎಳೆಯಬೇಡಿ. ಎದೆಯ ಮೇಲೆ ಕೂರುವಂತೆ ಮಾಡಿ ಎರಡೂ ಬದಿ ಹುಲ್ಲಿನ ಹೊರೆ ಒತ್ತಾಗಿ ಇಡಿ. ಕೆಳಗೆ ದಪ್ಪಗೆ ಹುಲ್ಲು ಹಾಸಿ, ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕಣ್ಣಿಗೆ ಮಣ್ಣು ತಾಗದಂತೆ ತಲೆಯ ಕೆಳಗೆ ಗೋಣಿಚೀಲ ಇಡಿ. ತಾನಾಗಿ ಏಳಲಾರದೆ ಮೂರು ದಿನ ಕಳೆದ ಬಡಕಲು ಕುದುರೆ ಉಳಿಯುವುದು ಕಷ್ಟ. ವೈದ್ಯರು ನೋವಿಲ್ಲದೆ ಜೀವ ಬಿಡಿಸುವುದೇ ಸರಿ ಎಂದರೆ ಆ ಮಾತನ್ನು ಒಪ್ಪಿಕೊಳ್ಳಿ. ಅದು ಕಾಯ್ದೆಗೂ ಒಪ್ಪುವ ದಾರಿ.

ಮುಂದಿನ ತಿಂಗಳುಗಳು

ಮೈ ತುಂಬಲು ಮೂರರಿಂದ ಐದು ತಿಂಗಳು ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಚೇತರಿಸಿಕೊಂಡ 250 ಕಿಲೋ ಕುದುರೆಗೆ ದಿನಕ್ಕೆ ನಾಲ್ಕರಿಂದ ಐದು ಕಿಲೋ ಒಣಮೇವು ಬೇಕು, ಒಂದು ಉಪ್ಪಿನ ಗಡ್ಡೆಯೂ ಇರಲಿ. ಅಗಿದ ಹುಲ್ಲನ್ನು ಉಂಡೆ ಮಾಡಿ ಉಗುಳುತ್ತಿದ್ದರೆ ಹಲ್ಲು ಮೊನಚಾಗಿವೆ ಎಂದು ಅರ್ಥ. ಉಜ್ಜಿಸದೆ ಎಷ್ಟು ಮೇವು ಹಾಕಿದರೂ ಮೈಗೆ ಹತ್ತುವುದಿಲ್ಲ. ಗ್ಲಾಂಡರ್ಸ್ ಪರೀಕ್ಷೆಯ ಫಲಿತಾಂಶ ಬರುವವರೆಗೆ ಬೇರೆ ಕುದುರೆ, ಕತ್ತೆಗಳ ಜೊತೆ ಕಟ್ಟಬೇಡಿ, ನೀರಿನ ತೊಟ್ಟಿಯೂ ಬೇರೆಯೇ ಇರಲಿ.

ಗೋಶಾಲೆಗಳು ದನಗಳಿಗಾಗಿ ಇರುವಂಥವು. ಅಲ್ಲಿ ಬಿಡುವ ಮುನ್ನ ಕುದುರೆಗೆ ಬೇರೆ ಕೊಟ್ಟಿಗೆ, ಬೇರೆ ಮೇವು ಸಾಧ್ಯವೇ ಎಂದು ಕಣ್ಣಾರೆ ನೋಡಿ. ಕುದುರೆ 25ರಿಂದ 30 ವರ್ಷ ಬದುಕುವ ಪ್ರಾಣಿ, ಒಂಟಿಯಾಗಿ ಇರಲಾರದು. ಕನಿಷ್ಠ ಒಂದು ಮೇಕೆಯಾದರೂ ಜೊತೆಗಿರುವ ಮನೆ ಹುಡುಕಿ. ಸಾಕುತ್ತೇನೆಂದು ಬಂದವರಿಂದ ಗಾಡಿಗೆ ಹೂಡುವುದಿಲ್ಲ, ಮಾರುವುದಿಲ್ಲ, ಸಾಕಲಾಗದಿದ್ದರೆ ನಿಮಗೇ ಮರಳಿಸುತ್ತೇವೆ ಎಂದು ಬರೆಸಿಕೊಳ್ಳಿ. ವಶಪಡಿಸಿಕೊಂಡ ಪ್ರಕರಣ ನ್ಯಾಯಾಲಯದಲ್ಲಿದ್ದರೆ ಆದೇಶ ಬರುವ ತನಕ ಯಾರಿಗೂ ಹಸ್ತಾಂತರಿಸುವಂತಿಲ್ಲ. ಅಲ್ಲಿಯವರೆಗಿನ ಮೇವು, ಔಷಧಿಗಳ ಪ್ರತಿಯೊಂದು ರಸೀದಿಯನ್ನೂ ತೆಗೆದಿಡಿ. 2017ರ ಪ್ರಕರಣ ಪ್ರಾಣಿಗಳ ಆರೈಕೆ ನಿಯಮಗಳ ಪ್ರಕಾರ ಆ ಖರ್ಚನ್ನು ಮಾಲೀಕರಿಂದ ಕೇಳಲು ಅವಕಾಶವಿದೆ.